ನೋಡಿ ಕೊಟ್ಟದ್ದು

*ಇಂದಿನ ಧಮ್ಮ ಚಿಂತನೆ*
ವಿಷಯ: ದಾನ ಪಾರಮಿ – ಸಣ್ಣ ಉಡುಗೊರೆ, ಸರಿಯಾದ ಉಡುಗೊರೆ



ಹೋದ ಭಾನುವಾರ ವಂದನೆ ಮುಗಿದು ಎಲ್ಲರೂ ಚಪ್ಪಲಿ ಹಾಕಿಕೊಳ್ಳುವಾಗ ನಮ್ಮ ಬಳಗದ ತಂಗಿಯೊಬ್ಬಳು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: "ಅಕ್ಕ, ನಮ್ಮ ನಾದಿನಿ ಮನೆ ಗೃಹಪ್ರವೇಶ ಇದೆ. ನನ್ನ ಕೈಲಿರೋದು ಐನೂರು ರೂಪಾಯಿ. ಅಷ್ಟರಲ್ಲಿ ಏನು ಕೊಟ್ರೆ ಮರ್ಯಾದೆ?"

ಮನೆಗೆ ಬಂದ ಮೇಲೂ ಆ ಕಡೆಯ ಪದ ತಲೆಯಲ್ಲೇ ಉಳಿಯಿತು. ಮರ್ಯಾದೆ. ಯಾರ ಮರ್ಯಾದೆ? ಕೊಡುವವರದೋ, ತೆಗೆದುಕೊಳ್ಳುವವರದೋ? ಇವತ್ತಿನ ಪಾಠ ಈ ಪ್ರಶ್ನೆಯ ಬಗ್ಗೆಯೇ.

*ನಮಗೆ ಗೊತ್ತಿರುವ ಕೊಡುಗೆ*

ನಾನು ಚಿಕ್ಕವಳಿದ್ದಾಗ ನಮ್ಮವ್ವ ಜಯನಗರದಲ್ಲಿ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹಬ್ಬ ಬಂದರೆ ಒಂದು ಮನೆಯಿಂದ ಹಳೇ ಸೀರೆ ಸಿಗುತ್ತಿತ್ತು. ಅದನ್ನು ಅವರು ಅವ್ವನ ಕೈಗೆ ಕೊಡುತ್ತಿರಲಿಲ್ಲ. ಹಿಂದಿನ ಕಾಂಪೌಂಡ್ ಗೋಡೆಯ ಮೇಲಿಟ್ಟು "ಅಲ್ಲಿಟ್ಟಿದೀನಿ, ತಗೋ" ಅನ್ನುತ್ತಿದ್ದರು. ಒಂದು ಸಲ ಸೆರಗು ಹರಿದಿದ್ದ ಸೀರೆ ಬಂತು. ಅವ್ವ ಚೆನ್ನಾಗಿದ್ದ ಭಾಗವನ್ನು ಕತ್ತರಿಸಿ ನನಗೆ ಲಂಗ ಹೊಲಿಸಿದಳು. ನಾನು ಅದನ್ನು ಹಾಕಿಕೊಂಡು ಖುಷಿಯಿಂದ ಸ್ಕೂಲಿಗೆ ಹೋದೆ. ಆ ಮನೆಯ ಹುಡುಗಿ ನನ್ನ ಕ್ಲಾಸಿನವಳೇ. "ಏ, ಇದು ನಮ್ಮಜ್ಜಿ ಸೀರೆ ಕಣೇ" ಅಂದಳು. ಅವಳಿಗೆ ನನ್ನನ್ನು ನೋಯಿಸುವ ಉದ್ದೇಶ ಇರಲಿಲ್ಲ ಅಂತ ಈಗ ಅನಿಸುತ್ತದೆ. ಆದರೆ ಆ ಲಂಗವನ್ನು ನಾನು ಮತ್ತೆ ಹಾಕಿಕೊಳ್ಳಲಿಲ್ಲ. ಯಾಕೆ ಅಂತ ಅವ್ವನೂ ಕೇಳಲಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನರ ಹತ್ತಿರ ಇಂಥ ಒಂದು ಕಥೆ ಇದ್ದೇ ಇರುತ್ತದೆ. ಉಳಿದ ಅನ್ನ, ಬಿಚ್ಚಿದ ಬಟ್ಟೆ, ಎತ್ತರದಿಂದ ಸುರಿದ ನೀರು. ನಮ್ಮ ಹಿರಿಯರಿಗೆ ತಲೆಮಾರುಗಳ ಕಾಲ "ದಾನ" ಅಂದರೆ ಇದೇ ಆಗಿತ್ತು. ಹಾಗಾಗಿ ಆ ಪದ ಕೇಳಿದರೆ ನಮ್ಮಲ್ಲಿ ಕೆಲವರಿಗೆ ಮೈ ಉರಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬುದ್ಧರು ದಾನ ಅಂದಾಗ ಹೇಳಿದ್ದು ಇದನ್ನೇನಾ?

*ಎರಡು ಸಣ್ಣ ಸುತ್ತಗಳು*

ಅಂಗುತ್ತರ ನಿಕಾಯದ ಐದರ ನಿಪಾತದಲ್ಲಿ ಎರಡು ಸಣ್ಣ ಸುತ್ತಗಳು ಅಕ್ಕಪಕ್ಕದಲ್ಲೇ ಇವೆ. ಮೊದಲನೆಯದು ಸತ್ಪುರುಷರಲ್ಲದವರು ಕೊಡುವ ರೀತಿ. ಅದರ ಸಾರ ಹೀಗಿದೆ:

1. ಗೌರವವಿಲ್ಲದೆ ಕೊಡುವುದು
2. ಲಕ್ಷ್ಯವಿಲ್ಲದೆ ಕೊಡುವುದು
3. ತನ್ನ ಕೈಯಾರೆ ಕೊಡದಿರುವುದು
4. ಎಸೆಯಬೇಕಾದದ್ದನ್ನು ಕೊಡುವುದು
5. ಕೊಟ್ಟದ್ದರಿಂದ ಮುಂದೇನಾಗುತ್ತದೆ ಎಂಬ ದೃಷ್ಟಿಯಿಲ್ಲದೆ ಕೊಡುವುದು

ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತುಬಿಟ್ಟೆ. ಕಾಂಪೌಂಡ್ ಗೋಡೆಯ ಮೇಲಿನ ಆ ಸೀರೆಯ ಬಗ್ಗೆ ಬುದ್ಧರು ಎರಡೂವರೆ ಸಾವಿರ ವರ್ಷದ ಹಿಂದೆಯೇ ತೀರ್ಪು ಕೊಟ್ಟಿದ್ದರು. ಅದನ್ನು ಪಡೆದ ನಮ್ಮವ್ವನಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಕೊಟ್ಟ ರೀತಿಯಲ್ಲಿ.

ಎರಡನೆಯ ಸುತ್ತ ಸತ್ಪುರುಷರು ಕೊಡುವ ರೀತಿಯದು: ಶ್ರದ್ಧೆಯಿಂದ ಕೊಡುವುದು, ಆದರದಿಂದ ಕೊಡುವುದು, ಸಕಾಲದಲ್ಲಿ ಕೊಡುವುದು, ಹಿಡಿತವಿಲ್ಲದ ಮನಸ್ಸಿನಿಂದ ಕೊಡುವುದು, ತನಗೂ ಪರರಿಗೂ ಘಾಸಿಯಾಗದಂತೆ ಕೊಡುವುದು.

ಎರಡೂ ಸೇರಿಸಿ ಹತ್ತು ಅಂಶ ಆಯಿತು. ಹತ್ತರಲ್ಲಿ ಎಲ್ಲೂ ಬೆಲೆಯ ಮಾತಿಲ್ಲ. ಹೊಸದು, ಹಳೆಯದು ಎಂಬ ಮಾತೂ ಇಲ್ಲ.

ಹಳೆಯದಾದರೆ ಎಲ್ಲವೂ ಅವಮಾನವೇ? ಅಲ್ಲ. ನಾನು ಪಿಯುಸಿಯಲ್ಲಿದ್ದಾಗ ಹಳಗನ್ನಡ ಪದಗಳ ಅರ್ಥ ಕೇಳಿ ಕೇಳಿ ನಮ್ಮ ಕನ್ನಡ ಮೇಡಂಗೆ ತೊಂದರೆ ಕೊಡುತ್ತಿದ್ದೆ. ಒಂದು ದಿನ ಅವರು ತಾವು ಓದುವಾಗ ಬಳಸಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟನ್ನು ತಂದುಕೊಟ್ಟರು. ಪುಟಗಳು ಹಳದಿಯಾಗಿದ್ದವು. ಆದರೆ ಅದಕ್ಕೆ ಹೊಸ ಬೈಂಡು ಹಾಕಿಸಿ, ಮೇಲೆ ನನ್ನ ಹೆಸರು ಬರೆದಿದ್ದರು. ನಾನು ಮುಂದೆ ಕನ್ನಡದಲ್ಲೇ ಎಂಎ ಮಾಡಿ ಮೇಷ್ಟ್ರಾಗಲು ಆ ಪುಸ್ತಕವೂ ಒಂದು ಕಾರಣ. ಸೀರೆಯೂ ಹಳೆಯದು, ನಿಘಂಟೂ ಹಳೆಯದು. ಸೀರೆ ಕೊಟ್ಟವರು ತಮ್ಮ ಬೀರು ಖಾಲಿ ಮಾಡಿದರು. ನಿಘಂಟು ಕೊಟ್ಟವರು ನನ್ನನ್ನು ನೋಡಿ ಕೊಟ್ಟರು.

*ಬಾಬಾಸಾಹೇಬರಿಗೆ ಸಿಕ್ಕ ಉಡುಗೊರೆ*

ನಮ್ಮೆಲ್ಲರ ಬದುಕನ್ನು ಬದಲಿಸಿದ ಉಡುಗೊರೆಯೂ ಒಂದು ಪುಸ್ತಕವೇ.

ಮುಂಬೈನ ಚರ್ನಿ ರೋಡ್ ಉದ್ಯಾನದಲ್ಲಿ ಒಬ್ಬ ಹುಡುಗ ಬಂದು ಒಬ್ಬನೇ ಕೂತು ಓದುತ್ತಿದ್ದ. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಶಿಕ್ಷಕರೂ ಅಲ್ಲಿಗೆ ಬರುತ್ತಿದ್ದರು. ಅವರು ಮರಾಠಿ ಲೇಖಕರೂ ಹೌದು. ಹುಡುಗನನ್ನು ಗಮನಿಸಿದರು, ಮಾತಾಡಿಸಿದರು, ಓದಲು ಪುಸ್ತಕಗಳನ್ನು ಕೊಡತೊಡಗಿದರು. ಆ ಹುಡುಗ ಭೀಮರಾವ್. ಮುಂದೆ 1907ರಲ್ಲಿ ಅವರು ಮೆಟ್ರಿಕ್ ಪಾಸಾದಾಗ ಸಮುದಾಯದವರು ಅಭಿನಂದನಾ ಸಭೆ ಮಾಡಿದರೆಂದು ಜೀವನಚರಿತ್ರೆಕಾರ ಧನಂಜಯ ಕೀರ್ ಬರೆಯುತ್ತಾರೆ. ಬಾಬಾಸಾಹೇಬರು ಮಾತ್ರ ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದಾಗಿನ ಸಭೆ ಅದು ಎಂದು ನೆನೆಯುತ್ತಾರೆ.

'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಅವರು ಈ ಘಟನೆ ಹೇಳಿದ್ದಾರೆ. ಗ್ರಂಥದ ಮೊದಲ ಮುದ್ರಣದಲ್ಲಿ ಈ ಮುನ್ನುಡಿ ಇರಲಿಲ್ಲ, ಆಮೇಲೆ ಬೆಳಕಿಗೆ ಬಂತು. ಸಭೆ ಮಾಡುತ್ತೇವೆ ಅಂದಾಗ ತಂದೆ ರಾಮ್‌ಜಿ ಮೊದಲು ಒಪ್ಪಲಿಲ್ಲ. ಹುಡುಗನ ತಲೆ ತಿರುಗೀತು ಎಂಬ ಭಯ ಅವರಿಗೆ. ಅವರನ್ನು ಒಪ್ಪಿಸಿದವರು ಕೇಳುಸ್ಕರ್. ಸಭೆಯಲ್ಲಿ ಅವರು ಆ ಹುಡುಗನ ಕೈಗಿತ್ತದ್ದು ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧ ಚರಿತ್ರೆ. ಆ ಪುಸ್ತಕ ತಮ್ಮನ್ನು ಬಹಳ ತಟ್ಟಿತೆಂದು ಬಾಬಾಸಾಹೇಬರೇ ಹೇಳುತ್ತಾರೆ. ಓದಿದ ಮೇಲೆ ಅವರು ತಂದೆಯನ್ನೇ ಪ್ರಶ್ನೆ ಮಾಡಿದರು: ಮನೆಯಲ್ಲಿ ರಾಮಾಯಣ, ಮಹಾಭಾರತ ಓದಿಸುತ್ತೀರಿ, ಬೌದ್ಧ ಸಾಹಿತ್ಯವನ್ನು ಯಾಕೆ ತೋರಿಸಲಿಲ್ಲ?

ಈಗ ಸುತ್ತದ ಅಂಶಗಳನ್ನು ಪಕ್ಕದಲ್ಲಿಟ್ಟು ನೋಡಿ. ತನ್ನ ಕೈಯಾರೆ ಕೊಟ್ಟರು. ತನ್ನ ಕೈಯಾರೆ ಬರೆದದ್ದನ್ನೇ ಕೊಟ್ಟರು. ತುಂಬಿದ ಸಭೆಯಲ್ಲಿ ಗೌರವದಿಂದ ಕೊಟ್ಟರು. ಓದಿನ ಹಸಿವಿನ ವಯಸ್ಸಿಗೆ ಸರಿಯಾಗಿ ಕೊಟ್ಟರು. ಎಲ್ಲಕ್ಕೂ ಮೊದಲು ಆ ಹುಡುಗನನ್ನು ನೋಡಿದ್ದರು. ಕೊಟ್ಟು ಮರೆತುಬಿಡಲೂ ಇಲ್ಲ. ಭೀಮರಾವ್ ಕಾಲೇಜು ಓದಲು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರಿಂದ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಗುವಂತೆ ನೆರವಾದವರೂ ಕೇಳುಸ್ಕರ್ ಅವರೇ.

1907ರಿಂದ 1956ರ ಅಕ್ಟೋಬರ್ 14ಕ್ಕೆ ನಲವತ್ತೊಂಬತ್ತು ವರ್ಷ. ಆ ದಿನ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಧಮ್ಮದೀಕ್ಷೆ ಪಡೆದರು. ಒಂದು ಪುಸ್ತಕದಿಂದಲೇ ಎಲ್ಲ ಆಯಿತು ಅನ್ನುವುದು ಸರಿಯಲ್ಲ. ನಡುವೆ ಅವರ ಹೋರಾಟವಿದೆ, ಅಪಾರ ಅಧ್ಯಯನವಿದೆ. ಆದರೆ ತಾನು ಈ ದಾರಿಗೆ ಹೇಗೆ ಬಂದೆ ಎಂದು ಹೇಳಹೊರಟಾಗ, ಬದುಕಿನ ಕೊನೆಯ ವರ್ಷದಲ್ಲಿ ಅವರು ನೆನೆದದ್ದು ಆ ಉಡುಗೊರೆಯನ್ನು.

*ನಮ್ಮ ಬಳಗದ ಕುರ್ಚಿ*

ಇಷ್ಟು ದೊಡ್ಡ ಮಾತಿನಿಂದ ಈಗ ಜೆ.ಪಿ. ನಗರದ ನಮ್ಮ ಶೀಟಿನ ಕೋಣೆಗೆ ಬರೋಣ. ಇದು ನನ್ನ ತಪ್ಪಿನ ಕಥೆಯೂ ಹೌದು.

ಅವ್ವನಿಗೆ ಎಪ್ಪತ್ತು ತುಂಬಿದಾಗ ನಾನು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಎಂಟು ಸಾವಿರದ ರೇಷ್ಮೆ ಸೀರೆ ತೆಗೆದೆ, ಕಾರ್ಡಿನಲ್ಲಿ, ಕಂತಿಗೆ. ಹಳೇ ಸೀರೆಯ ಆ ಗಾಯಕ್ಕೆ ಇದು ಮುಲಾಮು ಅಂದುಕೊಂಡೆ. ನೆಂಟರೆದುರು ಕೊಟ್ಟು ಫೋಟೋ ತೆಗೆಸಿಕೊಂಡೆ. ಅವ್ವ ಸೀರೆ ಮುಟ್ಟಿ ನೋಡಿ "ಎಷ್ಟು ಸಾಲ ಮಾಡ್ದೆ ಮಗ? ಇದುಟ್ಕಂಡು ನಾನೆಲ್ಲಿಗೆ ಹೋಗ್ಲಿ?" ಅಂದಳು. ಸೀರೆ ಟ್ರಂಕಿಗೆ ಹೋಯಿತು.

ಅದೇ ಸುಮಾರಿಗೆ ಅವ್ವ ಭಾನುವಾರದ ವಂದನೆಗೆ ಬರುವುದನ್ನು ಬಿಟ್ಟಳು. ಕೇಳಿದರೆ "ಯಾಕೋ ಬ್ಯಾಡ, ನೀನು ಹೋಗ್ಬಾ" ಅನ್ನುತ್ತಿದ್ದಳು. ವಯಸ್ಸಾಯಿತು, ಆಸಕ್ತಿ ಹೋಯಿತು ಅಂತ ನಾನು ತೀರ್ಮಾನ ಮಾಡಿಬಿಟ್ಟೆ.

ನಮ್ಮ ಬಳಗಕ್ಕೆ ಬರುವ ಒಬ್ಬ ಹುಡುಗಿ ಪಿಯುಸಿ ಓದುತ್ತಾ, ಸಂಜೆ ಟೈಲರಿಂಗ್ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾಳೆ. ಮೂರು ವಾರದ ಮೇಲೆ ಅವಳು ಅಣ್ಣನ ಬೈಕಿನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹಿಡಿದುಕೊಂಡು ನಮ್ಮ ಮನೆಗೇ ಬಂದಳು. "ಅಜ್ಜಿ, ಇದು ನಿಮಗೆ. ಭಾನುವಾರ ಕೋಣೆಗೆ ತಗೊಂಡು ಹೋಗೋಣ. ನಿಮ್ಮನ್ನೂ ಕರ್ಕೊಂಡು ಹೋಗ್ತೀನಿ" ಅಂದಳು.

ನಾನು ನೋಡದ್ದನ್ನು ಅವಳು ನೋಡಿದ್ದಳು. ಅವ್ವ ಯಾವಾಗಲೂ ಬಾಗಿಲ ಪಕ್ಕವೇ ಕೂರುತ್ತಿದ್ದಳು. ಏಳುವಾಗ ಕಿಟಕಿ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಏಳುತ್ತಿದ್ದಳು. ಅದಕ್ಕೇ ಆ ಹುಡುಗಿ ಕೈ ಇರುವ ಕುರ್ಚಿಯನ್ನೇ ಆರಿಸಿದ್ದಳು. ಬನಶಂಕರಿ ಮಾರ್ಕೆಟ್ಟಿನಲ್ಲಿ ಕೈಯಿಲ್ಲದ್ದು ಇನ್ನೂ ಕಡಿಮೆಗೆ ಸಿಗುತ್ತಿತ್ತಂತೆ. "ಕೈ ಇಲ್ದಿದ್ರೆ ಅಜ್ಜಿಗೆ ಏಳಕ್ಕೆ ಆಗಲ್ಲ ಮೇಡಂ" ಅಂದಳು. ಬೆಲೆ ನಾನೂರ ಐವತ್ತು. ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಮಲಗುವ ನನಗೆ ಆ ಮಂಡಿ ಕಂಡಿರಲಿಲ್ಲ.

ಅವ್ವನಿಗೆ ಇನ್ನೊಂದು ಅಳುಕು. "ಬುದ್ಧರ ಮುಂದೆ, ಎಲ್ಲಾರೂ ಕೆಳಗೆ ಕೂತಿರೋವಾಗ, ನಾನು ಮ್ಯಾಲೆ ಕೂತ್ಕಬೌದಾ?" ಮೂವತ್ತು ವರ್ಷ ಕೆಲಸ ಮಾಡಿದ ಮನೆಗಳಲ್ಲಿ ಒಂದು ದಿನವೂ ಕುರ್ಚಿಯ ಮೇಲೆ ಕೂರದವಳ ಪ್ರಶ್ನೆ ಅದು. ನಮ್ಮ ಬಳಗದ ಹಿರಿಯರು ವಿನಯ ಪಿಟಕದ ಮಾತು ನೆನಪಿಸಿದರು. ಕೆಳಗೆ ಕೂತ ಭಿಕ್ಖು ಎತ್ತರದ ಆಸನದಲ್ಲಿ ಕೂತವರಿಗೆ ಧಮ್ಮ ಬೋಧಿಸಬಾರದು ಎಂಬ ಸೇಖಿಯ ನಿಯಮವಿದೆ. ಆದರೆ ಅದೇ ನಿಯಮದಲ್ಲಿ ಕಾಯಿಲೆಯವರಿಗೆ ವಿನಾಯಿತಿಯೂ ಇದೆ. "ನಿಮ್ಮ ಮಂಡಿ ವಿಚಾರ ಬುದ್ಧರು ಆಗಲೇ ಯೋಚನೆ ಮಾಡವ್ರೆ, ಕೂತ್ಕಳಿ ಅಕ್ಕ" ಅಂದರು. ಎಲ್ಲರೂ ನಕ್ಕರು. ಅವ್ವ ಕೂತಳು. ಅವತ್ತಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಈಗ ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತರೆ ಮಕ್ಕಳೇ "ಅದು ಅಜ್ಜಿ ಕುರ್ಚಿ" ಅಂತ ಎಬ್ಬಿಸುತ್ತಾರೆ.

ನನ್ನ ಸೀರೆಗೂ ಆ ಕುರ್ಚಿಗೂ ಇರುವ ವ್ಯತ್ಯಾಸ ಹಣದ್ದಲ್ಲ. ನಾನು ಕೊಡುವಾಗ ನೋಡಿದ್ದು ನನ್ನ ಹಳೇ ಗಾಯವನ್ನು, ನೆಂಟರ ಕಣ್ಣನ್ನು. ಸಾಲ ಮಾಡಿ ನನಗೂ ಘಾಸಿ, ಆ ಸಾಲದ ಚಿಂತೆಯಿಂದ ಅವ್ವನಿಗೂ ಘಾಸಿ. ಹುಡುಗಿ ನೋಡಿದ್ದು ಅವ್ವನನ್ನು.

*ನಾವು ಏನು ಮಾಡಬಹುದು?*

ಅದೇ ಐದರ ನಿಪಾತದಲ್ಲಿ ಸಕಾಲದ ದಾನಗಳ ಬಗ್ಗೆಯೂ ಒಂದು ಸುತ್ತವಿದೆ. ಬಂದವರಿಗೆ, ಹೊರಟವರಿಗೆ, ಕಾಯಿಲೆಯವರಿಗೆ, ಬರಗಾಲದಲ್ಲಿ ಇರುವವರಿಗೆ ಕೊಡಬೇಕು, ಹೊಸ ಬೆಳೆ ಬಂದಾಗ ಮೊದಲ ಪಾಲನ್ನು ಶೀಲವಂತರಿಗೆ ಕೊಡಬೇಕು ಎನ್ನುತ್ತದೆ. ಇದನ್ನು ನಮ್ಮ ಏರಿಯಾಕ್ಕೆ ಹೊಂದಿಸಿಕೊಳ್ಳೋಣ.

▪️ ಬಂದವರಿಗೆ: ಊರಿಂದ ಬಂದು ಬಿಟಿಎಂ ಲೇಔಟಿನ ಪಿಜಿಗೆ ಸೇರಿದ ಹುಡುಗಿಗೆ ಹೂಗುಚ್ಛ ಬೇಡ. ಒಂದು ಬಕೆಟ್ಟು, ಮಗ್ಗು, ಗಟ್ಟಿ ಬೀಗ ಕೊಡಿ.
▪️ ಹೊರಟವರಿಗೆ: ಹಾಸ್ಟೆಲಿಗೆ ಹೋಗುವ ಹುಡುಗನಿಗೆ ಮನೆಯ ಚಟ್ನಿಪುಡಿ, ಜೊತೆಗೆ ಒಂದು ಒಳ್ಳೆಯ ಪುಸ್ತಕ.
▪️ ಕಾಯಿಲೆಯವರಿಗೆ: ಆಸ್ಪತ್ರೆಗೆ ಎಲ್ಲರೂ ಹಣ್ಣು ಒಯ್ಯುತ್ತಾರೆ. ರೋಗಿಯ ಜೊತೆ ರಾತ್ರಿ ನೆಲದಲ್ಲಿ ಮಲಗುವವರಿಗೆ ಒಂದು ಚಾಪೆ, ಒಂದು ಬೆಡ್‌ಶೀಟು ಬೇಕಿರುತ್ತದೆ.
▪️ ಬರಗಾಲದಲ್ಲಿ: ನಮ್ಮ ಬರಗಾಲ ತಿಂಗಳ ಕೊನೆಯ ವಾರ. ಆ ವಾರ ಕೊಟ್ಟ ಎರಡು ಕೆಜಿ ಅಕ್ಕಿಯ ತೂಕವೇ ಬೇರೆ.

ಹೊಸ ಬೆಳೆ ನಮ್ಮ ಹತ್ತಿರ ಇಲ್ಲ. ಮೊದಲ ಸಂಬಳ ಇದೆ. ಆ ಹುಡುಗಿ ತನ್ನ ಕುರ್ಚಿಯನ್ನು ಟೈಲರಿಂಗಿನ ಮೊದಲ ಸಂಬಳದಲ್ಲೇ ತಂದಿದ್ದಳು.

*ಇಂದಿನ ಅಭ್ಯಾಸ*

1. ಇವತ್ತು ಯಾರಿಗೂ ಏನೂ ಕೊಳ್ಳಬೇಡಿ. ಮನೆಯಲ್ಲಿರುವ ಒಬ್ಬರನ್ನು ಸುಮ್ಮನೆ ಗಮನಿಸಿ. ಅವರು ಏನನ್ನು ಹಿಡಿದು ಏಳುತ್ತಾರೆ, ಯಾವ ಕೆಲಸವನ್ನು ಮುಂದೂಡುತ್ತಾರೆ, ಏನನ್ನು ಕೇಳದೆ ಸುಮ್ಮನಾಗುತ್ತಾರೆ?
2. ನಿಮಗೆ ಸಿಕ್ಕ ಉಡುಗೊರೆಗಳಲ್ಲಿ ಇವತ್ತಿಗೂ ಜೊತೆಗಿರುವುದು ಯಾವುದು? ಕೊಟ್ಟವರು ನಿಮ್ಮಲ್ಲಿ ಏನು ಕಂಡಿದ್ದರು? ಭಾನುವಾರ ಹಂಚಿಕೊಳ್ಳೋಣ.

ಐನೂರು ರೂಪಾಯಿಯ ತಂಗಿಗೆ ನನ್ನ ಉತ್ತರ ಇಷ್ಟೇ: ಗೃಹಪ್ರವೇಶದ ಹಿಂದಿನ ದಿನವೇ ಹೋಗಮ್ಮ. ನಾದಿನಿ ಜೊತೆ ಒಂದಷ್ಟು ಪಾತ್ರೆ ತೊಳಿ, ಮನೆ ಒರೆಸು. ಆ ಮನೆಯಲ್ಲಿ ಏನಿಲ್ಲ ಅಂತ ನಿನಗೇ ಕಾಣುತ್ತೆ. ಅದನ್ನು ತಗೊಂಡು ಹೋಗಿ ಅವಳ ಕೈಗೆ ಕೊಡು. ಮರ್ಯಾದೆ ಇಬ್ಬರಿಗೂ ಸಿಗುತ್ತೆ.

ಸಾಧು, ಸಾಧು, ಸಾಧು. 🙏
ನಮೋ ಬುದ್ಧಾಯ. ಜೈ ಭೀಮ್. 💙