ಹೃದಯದ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದೇಕೆ?

ನಮ್ಮ ಜೀವಕೋಶಗಳ ಹೊರಪೊರೆಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿವೆ. (ಗ್ರಾಹಕವೆಂದರೆ ಇಲ್ಲಿ ಅಂಗಡಿಯ ಗಿರಾಕಿಯಲ್ಲ, ಸಂದೇಶವನ್ನು ಗ್ರಹಿಸುವ ಅಣು.) ಭಯ ಅಥವಾ ಶ್ರಮದ ಸಮಯದಲ್ಲಿ ರಕ್ತಕ್ಕೆ ಸೇರುವ ಅಡ್ರಿನಲಿನ್, ಹೃದಯದ ಕೋಶಗಳ ಬೀಟಾ ಗ್ರಾಹಕವನ್ನು ಕೂಡುತ್ತದೆ. ಅದು ಕೋಶದೊಳಗೆ ಪ್ರವೇಶಿಸುವುದಿಲ್ಲ. ಗ್ರಾಹಕದ ಆಕಾರ ತುಸು ಬದಲಾಗಿ, ಒಳಬದಿಯ ಜಿ-ಪ್ರೋಟೀನು ಎಚ್ಚೆತ್ತು, ಸೈಕ್ಲಿಕ್ ಎ.ಎಂ.ಪಿ. ಎಂಬ ದ್ವಿತೀಯ ದೂತ ಹೇರಳವಾಗಿ ಉತ್ಪತ್ತಿಯಾಗುತ್ತದೆ. ಇದರ ಫಲವಾಗಿ ಕ್ಯಾಲ್ಸಿಯಂ ಒಳಹರಿವು ಹೆಚ್ಚಿ, ಹೃದಯವು ವೇಗವಾಗಿಯೂ ಬಲವಾಗಿಯೂ ಮಿಡಿಯುತ್ತದೆ.

ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ ಪ್ರೊಪ್ರನೊಲಾಲ್ ಇದೇ ಗ್ರಾಹಕದಲ್ಲಿ ನೆಲೆಸುತ್ತದೆ, ಆದರೆ ಅದನ್ನು ಎಚ್ಚರಿಸುವುದಿಲ್ಲ. ಅಡ್ರಿನಲಿನ್‌ಗೆ ಸ್ಥಳವಿಲ್ಲದಂತೆ ಮಾಡುತ್ತದೆ. ಎದೆನೋವಿನ ರೋಗಿಗಳಿಗೆ ಇದು ವರದಾನವಾಯಿತು. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅಟೆನೊಲಾಲ್, ಮೆಟೊಪ್ರೊಲಾಲ್ ಇದೇ ವರ್ಗದವು. ಶ್ವಾಸನಾಳಗಳನ್ನು ಸಡಿಲಿಸುವುದೂ ಇಂಥದೇ ಗ್ರಾಹಕವಾದುದರಿಂದ ಉಬ್ಬಸ ರೋಗಿಗಳಿಗೆ ಪ್ರೊಪ್ರನೊಲಾಲ್ ಅಪಾಯಕಾರಿ.

ಇನ್ನೂ ಮುಖ್ಯವಾದುದೊಂದಿದೆ. ಬಹುಕಾಲ ಸಂದೇಶ ತಲುಪದ ಕೋಶವು ಸುಮ್ಮನಿರುವುದಿಲ್ಲ. ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಗುಣವಾಯಿತೆಂದೋ, ಊರಿಗೆ ಹೋದಾಗ ಗುಳಿಗೆ ಮುಗಿಯಿತೆಂದೋ ರೋಗಿಯು ಔಷಧವನ್ನು ಥಟ್ಟನೆ ಬಿಟ್ಟರೆ, ಔಷಧ ಕೆಲವೇ ದಿನಗಳಲ್ಲಿ ದೇಹದಿಂದ ಹೊರಹೋಗುತ್ತದೆ, ಹೆಚ್ಚಿದ ಗ್ರಾಹಕಗಳು ಉಳಿಯುತ್ತವೆ. ಆಗ ಎಂದಿನ ಪ್ರಮಾಣದ ಅಡ್ರಿನಲಿನ್ ಕೂಡ ಅತಿಯಾಗಿ, ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಸಂಭವಿಸಬಹುದು. ವೈದ್ಯರು ಗುಳಿಗೆಯ ಪ್ರಮಾಣವನ್ನು ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಇಳಿಸುವುದು ಗ್ರಾಹಕಗಳ ಸಂಖ್ಯೆಯು ಮೊದಲಿನ ಸ್ಥಿತಿಗೆ ಮರಳಲೆಂದು.