ಮೂರು ತಿಂಗಳ ಸೂಜಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಚುಚ್ಚುಮದ್ದು ಹಾಕಿಸಿಕೊಂಡರೆ ಎಚ್‌ಐವಿ ಬೇಗ ತಗಲುತ್ತದಂತೆ, ನಿಜವೇ ಎಂದು ಕೇಳಿದ್ದೀಯ. ಹೆದರಿ ಸೂಜಿ ಬಿಡುವ ಮುಂಚೆ ಇದನ್ನು ಓದು.

ಆ ಮಾತು ಆಫ್ರಿಕಾದಿಂದ ಬಂದದ್ದು, ಸುಮ್ಮನೆ ಹುಟ್ಟಿದ್ದಲ್ಲ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಲಕ್ಷಾಂತರ ಹೆಂಗಸರು ಇದೇ ಔಷಧಿಯನ್ನು ನೆಚ್ಚಿಕೊಂಡಿದ್ದಾರೆ. ಎಚ್‌ಐವಿ ಹೆಚ್ಚಾಗಿರುವುದೂ ಅಲ್ಲೇ. ಗಂಡನಿಗೆ ಸೋಂಕಿದ್ದಾಗ, ಹಾರ್ಮೋನ್ ಗರ್ಭನಿರೋಧಕ ಬಳಸುವ ಹೆಂಡತಿಗೆ ಅಪಾಯ ಸುಮಾರು ಇಮ್ಮಡಿ ಎಂದು 2011ರಲ್ಲಿ ಒಂದು ಅಧ್ಯಯನ ಹೇಳಿತು. ಆದರೆ ಬಸಿರಿನ ಭಯ ಹೋದ ಮನೆಯಲ್ಲಿ ಕಾಂಡೋಮ್ ಮೂಲೆ ಸೇರಿರಬಹುದಲ್ಲವೇ? ತಪ್ಪು ಔಷಧಿಯದೋ, ಬಿಟ್ಟ ಕಾಂಡೋಮ್‌ನದೋ ಎಂದು ಖಚಿತವಾಗಿ ಬಿಡಿಸಿ ಹೇಳಲು ಅಂಥ ಅಧ್ಯಯನದಿಂದ ಆಗದು.

ಅದಕ್ಕೇ ‘ಎಕೋ’ ಎಂಬ ಪ್ರಯೋಗ ನಡೆಯಿತು. ದಕ್ಷಿಣ ಆಫ್ರಿಕಾ, ಕೀನ್ಯಾ, ಜಾಂಬಿಯಾ, ಎಸ್ವಾಟಿನಿಗಳ 7,829 ಹೆಂಗಸರು ಒಪ್ಪಿ ಬಂದರು. ಯಾರಿಗೆ ಸೂಜಿ, ಯಾರಿಗೆ ತೋಳಿನಲ್ಲಿಡುವ ಹಾರ್ಮೋನ್ ಕಡ್ಡಿ, ಯಾರಿಗೆ ಹಾರ್ಮೋನ್ ಇಲ್ಲದ ಕಾಪರ್-ಟಿ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಯಿತು. 2019ರಲ್ಲಿ ಫಲಿತಾಂಶ ಬಂತು: ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಣ್ಣ ವ್ಯತ್ಯಾಸವನ್ನು ಅದು ಪೂರ್ತಿ ತಳ್ಳಿಹಾಕಲಾರದು, ನಿಜ. ಆದರೆ ಹಿಂದೆ ಹೆದರಿಸಿದ್ದ ಆ ಇಮ್ಮಡಿ ಅಪಾಯ ಅಲ್ಲಿ ಕಾಣಲಿಲ್ಲ. ಸೋಂಕಿನ ಅಪಾಯ ಹೆಚ್ಚಿರುವ ಹೆಂಗಸರೂ ಈ ಮೂರನ್ನೂ ನಿರ್ಬಂಧವಿಲ್ಲದೆ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೇಳಿತು.

ನನ್ನನ್ನು ಕಾಡಿದ್ದು ಬೇರೆ ಅಂಕಿ. ಭೇಟಿ ಭೇಟಿಗೂ ಕಾಂಡೋಮ್ ಕೊಟ್ಟು ತಿಳಿವಳಿಕೆ ಹೇಳಿದರೂ ಆ ಹೆಂಗಸರಲ್ಲಿ 397 ಮಂದಿಗೆ ಎಚ್‌ಐವಿ ತಗಲಿತು. ಸೂಜಿ, ಕಡ್ಡಿ, ಕಾಪರ್-ಟಿ ಯಾವುದೂ ಅವರನ್ನು ಕಾಯಲಿಲ್ಲ. ಅವು ಬಸಿರು ತಡೆಯುತ್ತವೆ, ಸೋಂಕನ್ನಲ್ಲ. ಕಾಂಡೋಮ್ ಹಾಕುವ ತೀರ್ಮಾನ ಗಂಡಸಿನ ಕೈಯಲ್ಲೇ ಇರುವಾಗ ಹೆಣ್ಣಿಗೆ ಮಾತ್ರ ಬುದ್ಧಿ ಹೇಳಿ ಏನು ಬಂತು? ಈ ಸಿಟ್ಟು ನನಗೆ ಇನ್ನೂ ಆರಿಲ್ಲ.

ಸೂಜಿ ನಿನಗೆ ಒಗ್ಗಿದ್ದರೆ ಮುಂದುವರಿಸು. ಮುಟ್ಟು ಏರುಪೇರಾಗುವುದು ಈ ಔಷಧಿಯಲ್ಲಿ ಸಾಮಾನ್ಯ. ಆದರೂ ಆಶಾ ಕಾರ್ಯಕರ್ತೆಗೆ ತಿಳಿಸು. ಗಂಡನನ್ನು ಕರೆದುಕೊಂಡು ಸರ್ಕಾರಿ ಆಸ್ಪತ್ರೆಯ ಸಲಹೆ ಮತ್ತು ಪರೀಕ್ಷಾ ಕೇಂದ್ರಕ್ಕೆ (ಐಸಿಟಿಸಿ) ಹೋಗು. ಎಚ್‌ಐವಿ ಪರೀಕ್ಷೆ ಅಲ್ಲಿ ಉಚಿತ, ಫಲಿತಾಂಶ ಗುಟ್ಟಾಗಿಡಬೇಕೆಂದು ಕಾನೂನೇ ಇದೆ. ಒಬ್ಬಳೇ ಹೋದರೂ ಅಡ್ಡಿಯಿಲ್ಲ. ಅವನು ಬರಲೊಲ್ಲೆ ಎಂದರೆ, ಬರುವವರೆಗೆ ಕಾಂಡೋಮ್ ಬೇಕೇ ಬೇಕು ಎನ್ನು. ಯಾರನ್ನು ಕೇಳಲೂ ಸಂಕೋಚವಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡು, ತಡಮಾಡಬೇಡ.

ನಿನ್ನ
ದೊಡ್ಡಮ್ಮ