ಸಿಹಿನೀರಿನ ಏಡಿ: ಆಹಾರ ಮತ್ತು ಆತ್ಮರಕ್ಷಣೆ

ಕೊಲ್ಹಾಪುರ, ಇಚಲಕರಂಜಿಗಳ ಪಂಚಗಂಗೆಯೂ ಗಡಹಿಂಗ್ಲಜದ ಹಿರಣ್ಯಕೇಶಿಯೂ ಉದಿಸುವ ಸಹ್ಯಾದ್ರಿಯ ತೊರೆ-ಗದ್ದೆಗಳಲ್ಲಿನ ಏಡಿಗಳು ಸಂಧಿಪದಿ ವಂಶದ, ಕಠಿಣಚರ್ಮಿಗಳ ಪೈಕಿ ದಶಪಾದಿ ಗಣದ, ಗೆಕಾರ್ಸಿನುಸಿಡೇ ಕುಟುಂಬದ ಜೀವಿಗಳು. ಇವು ಸರ್ವಭಕ್ಷಕಗಳು, ಬಹುಮಟ್ಟಿಗೆ ನಿಶಾಚರಿಗಳಾಗಿ ಕೊಳೆತ ಎಲೆ, ಪಾಚಿ, ಬಸವನಹುಳು, ಸತ್ತ ಮೀನುಗಳನ್ನು ತಿಂದು ಜಲವನ್ನು ಶುಚಿಗೊಳಿಸುವುವು.

ಇವುಗಳ ರಕ್ಷಣೋಪಾಯವಾದರೋ ನಿಜಕ್ಕೂ ವಿಸ್ಮಯಾವಹ: ಗಟ್ಟಿ ಕವಚ, ಕೊಂಬುಗಳೆಂಬ ಇಕ್ಕುಳಗಳು, ಬೇಸಗೆಯ ಒಣಹವೆಯಿಂದಲೂ ಕಾಯುವ ಬಿಲ ಇವೆಲ್ಲ ಸಾಲದಾದಾಗ, ಶತ್ರು ಹಿಡಿದ ಕಾಲನ್ನು ನಿಯತಸ್ಥಾನದಲ್ಲಿ ತಾವಾಗಿಯೇ ಕಳಚಿ ಪಾರಾಗುವುವು, ಇದೇ ಸ್ವಾಂಗಚ್ಛೇದನ. ಆ ಕಾಲು ಮುಂದಿನ ಪೊರೆಬಿಡುವಿಕೆಗಳಲ್ಲಿ ಮತ್ತೆ ಬೆಳೆಯುವುದು. ಪೊರೆ ಬಿಟ್ಟ ಹೊಸತರಲ್ಲಿ ಮೈ ಮೃದುವಾದುದರಿಂದ ಅಡಗಿರುವುದು ಅನಿವಾರ್ಯ.

ಪರೀಕ್ಷಾರ್ಥಿಗಳು ವಿಶೇಷವಾಗಿ ಗಮನಿಸತಕ್ಕದ್ದು: ಕೊಂಕಣ ತೀರದ ಕಡಲೇಡಿಗಳಿಗಿರುವ ಜೋಯಿಯಾ, ಮೆಗಲೋಪಾ ಎಂಬ ಸ್ವತಂತ್ರ ಡಿಂಭಾವಸ್ಥೆಗಳು ಇವಕ್ಕಿಲ್ಲ, ತಾಯಿಯ ಉದರದಡಿಯ ಮೊಟ್ಟೆಯಿಂದ ನೇರವಾಗಿ ಮರಿಯೇಡಿಯೇ ಹೊರಬರುವುದು. ರಕ್ತದ ಆಮ್ಲಜನಕವಾಹಕ ತಾಮ್ರಯುಕ್ತ ಹಿಮೋಸಯನಿನ್.